ಹೊರಗೆ ಮಳೆ, ಹಜಾರದಲ್ಲಿ ನೆಟ್ಸ್

ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಜೂನ್ ಬಂತೆಂದರೆ ಕ್ರಿಕೆಟ್ ಬ್ಯಾಟು ಅಟ್ಟ ಸೇರುತ್ತಿತ್ತು. ಮತ್ತೆ ಕೆಳಗಿಳಿಯುವುದು ದಸರಾ ರಜೆಗೇ. ನಡುವಿನ ನಾಲ್ಕು ತಿಂಗಳು ಮಕ್ಕಳಿಗೆ ಜಗಲಿಯಲ್ಲಿ ಕೂತು ಮಳೆ ನೋಡುವುದು, ಹಪ್ಪಳ ತಿನ್ನುವುದು, ಬೈಸಿಕೊಳ್ಳುವುದು, ಇಷ್ಟೇ ಕೆಲಸ. ಒಂದು ವರ್ಷ ಅಣ್ಣ ಶಾಲೆಯ ಕಾಲುಚೀಲದೊಳಗೆ ಟೆನ್ನಿಸ್ ಚೆಂಡು ತುರುಕಿ, ಸೆಣಬಿನ ಹುರಿಯಿಂದ ಜಗಲಿಯ ತೊಲೆಗೆ ಇಳಿಬಿಟ್ಟ. ಅಪ್ಪಯ್ಯ ಎರಡು ದಿನ ನೋಡಿಯೂ ನೋಡದ ಹಾಗೆ ಓಡಾಡಿದರು. ಮೂರನೇ ದಿನ ಪಂಚೆ ಎತ್ತಿ ಕಟ್ಟಿ, "ಕೊಡೋ ಇಲ್ಲಿ" ಎಂದು ತಾವೇ ಬ್ಯಾಟ್ ಹಿಡಿದರು.

ಈಗ ಬೆಂಗಳೂರಿನ ಎರಡನೇ ಮಹಡಿಯ ಫ್ಲಾಟಿನಲ್ಲಿ ನನ್ನ ಹನ್ನೊಂದು ವರ್ಷದ ಮಗನಿಗೆ ಅದನ್ನೇ ಮಾಡಿಕೊಟ್ಟಿದ್ದೇನೆ. ಮಳೆ ಒಂದೇ ಕಾರಣವಲ್ಲ. ಮೈದಾನ ದೂರ, ಟರ್ಫ್‌ಗೆ ಗಂಟೆಗಿಷ್ಟು ಅಂತ ದುಡ್ಡು, ಶಾಲೆಯಿಂದ ಬರುವಷ್ಟರಲ್ಲಿ ಕತ್ತಲೆ.

ಶುರು ಮಾಡುವ ಮೊದಲು ಒಂದು ಮಾತು. ಮೈದಾನವನ್ನೇ ಮನೆಯೊಳಗೆ ತರಲು ಹೋಗಬೇಡಿ. ಪಿಚ್ಚೇ 22 ಗಜ, ಅಂದರೆ 20.12 ಮೀಟರ್. ಯಾರ ಹಜಾರದಲ್ಲಿ ಹಿಡಿಯುತ್ತದೆ? ಆಟದಿಂದ ಒಂದೊಂದೇ ತುಂಡು ಕಿತ್ತು ತನ್ನಿ. ಇವತ್ತು ನೇರ ಬ್ಯಾಟ್ ಮಾತ್ರ. ನಾಳೆ ವೇಗ. ನಾಡಿದ್ದು ಕ್ಯಾಚ್. ಎಲ್ಲವನ್ನೂ ಒಟ್ಟಿಗೆ ಆಡಲು ಹೊರಟರೆ ಟ್ಯೂಬ್‌ಲೈಟ್ ಒಡೆಯುವುದೊಂದೇ ಗ್ಯಾರಂಟಿ.

ಯಾವ ಚೆಂಡು?

ಲೆದರ್ ಬಾಲ್ ಬೇಡವೇ ಬೇಡ. ಅದರ ತೂಕ 156ರಿಂದ 163 ಗ್ರಾಂ. ಟೆನ್ನಿಸ್ ಚೆಂಡು 56ರಿಂದ 59 ಗ್ರಾಂ, ಹೆಚ್ಚುಕಡಿಮೆ ಮೂರನೇ ಒಂದು ಪಾಲು. ಆದರೆ ಹೊಸ ಟೆನ್ನಿಸ್ ಚೆಂಡೂ ಮನೆಗೆ ಜಾಸ್ತಿಯೇ ಆಯಿತು. ಟೆನ್ನಿಸ್ ನಿಯಮದ ಪ್ರಕಾರ 254 ಸೆಂ.ಮೀ. ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟರೆ ಅದು 135 ಸೆಂ.ಮೀ.ಗಿಂತ ಮೇಲೆ ಪುಟಿಯಬೇಕು. ಟೈಲ್ಸ್ ಮೇಲೆ ಅಷ್ಟು ಪುಟಿದರೆ ಹುಡುಗರು ಆಡುವುದು ಹೇಗೆ? ನಮಗೆ ಬೇಕಾದದ್ದು ಸತ್ತ ಚೆಂಡು. ಮೇಲಿನ ನೂಲೆಲ್ಲ ಹೋಗಿ, ಒಳಗಿನ ಗಾಳಿ ಇಳಿದು, ಎದೆಮಟ್ಟದಿಂದ ಬಿಟ್ಟರೆ ಮೊಣಕಾಲಿಗೂ ಬರದಂಥದ್ದು. ಹಳೇ ಚೆಂಡು ಎಸೆಯಬೇಡಿ ಎನ್ನುವುದು ಇದಕ್ಕೇ.

ಇದಕ್ಕಿಂತ ಮೆತ್ತಗಿನದು ಬೇಕೆಂದರೆ ಎರಡು ಜೊತೆ ಕಾಲುಚೀಲ ಸುತ್ತಿ ಉಂಡೆ ಮಾಡಿ, ಮೇಲೊಂದು ಕಾಲುಚೀಲ ಎಳೆದು ಸೂಜಿ ದಾರದಲ್ಲಿ ಹೊಲಿಯಿರಿ. ಪುಟಿಯುವುದೇ ಇಲ್ಲ. ನೆಲಕ್ಕೆ ಬೀಳದೆ ನೇರ ಬ್ಯಾಟಿಗೆ ಬರುವ ಫುಲ್‌ಟಾಸ್ ಹಾಕಿಸಿಕೊಂಡು ಡ್ರೈವ್ ಅಭ್ಯಾಸ ಮಾಡಲು ಇದರಷ್ಟು ಒಳ್ಳೆಯದು ನಾನು ಕಂಡಿಲ್ಲ. ಟಿವಿಗೆ ಬಡಿದರೂ ಟಿವಿ ಉಳಿಯುತ್ತದೆ. (ಹಾಗಂತ ಪರೀಕ್ಷೆ ಮಾಡಿ ನೋಡಬೇಡಿ.)

ತೂಗುವ ಚೆಂಡು

ಕೊಕ್ಕೆ ಎಲ್ಲಿದೆ ನೋಡಿಕೊಳ್ಳಿ. ಉಯ್ಯಾಲೆ ಅಥವಾ ತೊಟ್ಟಿಲು ಕಟ್ಟಿದ್ದ ಕೊಕ್ಕೆ ಇದ್ದರೆ ಅದೇ ಸರಿ. ಫ್ಯಾನಿನ ಹತ್ತಿರಕ್ಕೂ ಹೋಗಬೇಡಿ. ಕೊಕ್ಕೆ ಇಲ್ಲದಿದ್ದರೆ ಬಾಗಿಲ ಚೌಕಟ್ಟಿಗೆ ಸಿಕ್ಕಿಸುವ ಪುಲ್‌ಅಪ್ ರಾಡ್ ಸಾಕು.

ಚೆಂಡನ್ನು ಕಾಲುಚೀಲದ ತುದಿಗೆ ತಳ್ಳಿ, ಅದರ ಮೇಲೆ ಒಂದು ಗಂಟು ಹಾಕಿ. ಉಳಿದ ಬಟ್ಟೆಯನ್ನು ಮಡಚಿ ಹುರಿಗೆ ಕಟ್ಟಿ. ನೈಲಾನ್ ಹುರಿ ಜಾರುತ್ತದೆ, ನೂಲಿನ ಹುರಿ ಒಳ್ಳೆಯದು. ಚೆಂಡು ಆಡುವವರ ಮೊಣಕಾಲಿನ ಮಟ್ಟಕ್ಕೆ ಬರಲಿ. ಹಿಂಗಾಲಿಗೆ ಸರಿದು ಆಡುವ ಬ್ಯಾಕ್‌ಫುಟ್ ಆಡಿಸಬೇಕೆಂದರೆ ಸೊಂಟದವರೆಗೆ ಏರಿಸಿ. ಬ್ಯಾಟ್ ಬೀಸಿದಾಗ ಏನಕ್ಕಾದರೂ ತಾಗುತ್ತದಾ ಎಂದು ಒಮ್ಮೆ ನಿಧಾನಕ್ಕೆ ನಾಲ್ಕೂ ಕಡೆ ಬೀಸಿ ನೋಡಿ.

ಸೂರಿನ ಎತ್ತರ 10 ಅಡಿ ಎಂದಿಟ್ಟುಕೊಳ್ಳಿ. ಆಗ ಹುರಿ ಎರಡೂವರೆ ಮೀಟರ್ ಆಗುತ್ತದೆ. ಹೊಡೆದ ಚೆಂಡು ಮುಂದೆ ಹೋಗಿ ವಾಪಸ್ ಬ್ಯಾಟಿಗೆ ಬರಲು ಸುಮಾರು ಒಂದೂವರೆ ಸೆಕೆಂಡ್. ಮೆಲ್ಲಗೆ ತಟ್ಟಿದರೂ, ಸ್ವಲ್ಪ ಜೋರಾಗಿ ತಟ್ಟಿದರೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಗೋಡೆ ಗಡಿಯಾರದ ಲೋಲಕದ್ದೂ ಇದೇ ಲೆಕ್ಕ. ಬಾಗಿಲ ರಾಡಿಗೆ ಒಂದು ಮೀಟರ್ ಹುರಿ ಕಟ್ಟಿದರೆ ಅದು ಒಂದು ಸೆಕೆಂಡಿಗೆ ಇಳಿಯುತ್ತದೆ. ಅಂದರೆ ಹುರಿ ಗಿಡ್ಡ ಮಾಡಿದಷ್ಟೂ ಬೌಲರ್ ಚುರುಕಾಗುತ್ತಾನೆ. ಚಿಕ್ಕ ಮಕ್ಕಳಿಗೆ ಉದ್ದ ಹುರಿಯಿಂದಲೇ ಶುರು ಮಾಡಿ.

ಇನ್ನು ಇದರಿಂದ ಕಲಿಯುವುದೇನು? ಬಲೆ ಕಟ್ಟಿ ಅಭ್ಯಾಸ ಮಾಡಿಸುವ ನೆಟ್ಸ್‌ನಲ್ಲಿ ಕೋಚ್ ಬಾಯಿಬಿಟ್ಟು ಹೇಳಬೇಕಾದ್ದನ್ನು ಈ ಚೆಂಡು ತಾನೇ ತೋರಿಸುತ್ತದೆ. ಬ್ಯಾಟಿನ ಮುಖ ನೇರವಿದ್ದು ನಟ್ಟನಡುವೆ ತಾಗಿದರೆ ಚೆಂಡು ನೇರ ಹೋಗಿ ನೇರವೇ ಬರುತ್ತದೆ. ಮುಖ ಕೂದಲೆಳೆಯಷ್ಟು ತಿರುಗಿದ್ದರೂ ಚೆಂಡು ಮೊಟ್ಟೆಯ ಆಕಾರದಲ್ಲಿ ಸುತ್ತುತ್ತಾ ಬರುತ್ತದೆ. ನನ್ನ ಮಗನಿಗೆ ಮೊದಲ ವಾರ ಎರಡನೇ ಹೊಡೆತಕ್ಕೇ ಸುತ್ತುತ್ತಿತ್ತು. ನೋಡಿದೆ, ಕೆಳಗಿನ ಕೈ ಬಿಗಿಯಾಗಿ ಹಿಡಿದಿದ್ದ. ಎರಡು ಬೆರಳಲ್ಲಿ ಮಾತ್ರ ಹಿಡಿ ಎಂದೆ. ಅವತ್ತೇ ಎಂಟಕ್ಕೆ ಹೋಯಿತು. ಈಗ ಅವನ ದಾಖಲೆ 41. ನನ್ನದು 26 ಎಂದು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಅವನೇ ಬಂದು ಹೇಳುತ್ತಾನೆ.

ಒಂದು ಎಚ್ಚರಿಕೆ. ಗಂಟು ಹಾಕಿದ ಜಾಗದಲ್ಲಿ ಕಾಲುಚೀಲ ಒಳಗಿಂದಲೇ ಸವೆಯುತ್ತದೆ, ಹೊರಗೆ ಗೊತ್ತಾಗುವುದಿಲ್ಲ. ನಮ್ಮನೆಯಲ್ಲಿ ಮೂರನೇ ವಾರ ಅದು ಹರಿದು, ಚೆಂಡು ಸೀದಾ ಹೋಗಿ ಬೀರುವಿನ ಕನ್ನಡಿಗೆ ಬಡಿಯಿತು. ಕನ್ನಡಿ ಮೂಲೆಯಿಂದ ಮೂಲೆಗೆ ಬಿರುಕು. ಅದು ಹೆಂಡತಿಯ ತವರಿನ ಬೀರು. ಮುಂದಿನದು ಹೇಳಬೇಕಾಗಿಲ್ಲ ಅಲ್ವಾ? ಆಟಕ್ಕೆ ಮೊದಲು ಒಮ್ಮೆ ಕೈಯಲ್ಲಿ ಎಳೆದು ನೋಡಿ, ವಾರಕ್ಕೊಮ್ಮೆ ಕಾಲುಚೀಲ ಬದಲಿಸಿ.

ಐದು ಮೀಟರಿನಲ್ಲಿ 140 ಕಿ.ಮೀ. ವೇಗ

ತೂಗುವ ಚೆಂಡಿನಲ್ಲಿ ಇಲ್ಲದ್ದು ಎರಡು: ಪುಟಿತ, ಅವಸರ. ಅದಕ್ಕೆ ಎದುರಿಗೊಬ್ಬರು ಕೂತು ಎಸೆಯಬೇಕು.

ಬೌಲರ್ ಚೆಂಡು ಬಿಡುವ ಕ್ರೀಸ್‌ಗೂ ಬ್ಯಾಟ್ಸ್‌ಮನ್ ಕ್ರೀಸ್‌ಗೂ ನಡುವೆ 17.7 ಮೀಟರ್. 140 ಕಿ.ಮೀ. ವೇಗದ ಚೆಂಡು ಅಷ್ಟು ದೂರ ಬರಲು ಸುಮಾರು 0.45 ಸೆಕೆಂಡ್ ಸಾಕು. ಈಗ ನಿಮ್ಮ ಹಜಾರದಲ್ಲಿ 5 ಮೀಟರ್ ದೂರದಿಂದ ಬರೀ 40 ಕಿ.ಮೀ. ವೇಗದಲ್ಲಿ ಎಸೆದರೆ? ಅದೇ 0.45 ಸೆಕೆಂಡ್! ಮಗನಿಗೆ ಬೂಮ್ರಾನನ್ನು ಎದುರಿಸುವಷ್ಟೇ ಹೊತ್ತು ಸಿಗುತ್ತದೆ, ನಿಮ್ಮ ಭುಜಕ್ಕೆ ನೋವೂ ಇಲ್ಲ. ಸ್ಪಿನ್ನರ್ ಬೇಕಾ? 80 ಕಿ.ಮೀ.ಗೆ ಬದಲು ಇಲ್ಲಿ 22 ಕಿ.ಮೀ. ಅಂದರೆ ಮಗುವಿಗೆ ಮಾವಿನಹಣ್ಣು ಎಸೆದಷ್ಟು ಮೆತ್ತಗೆ. ಅಳೆಯಲು ಯಂತ್ರವೇನೂ ಬೇಡ. ಆಡುವವನು ತಡವಾದರೆ ಸ್ವಲ್ಪ ನಿಧಾನ ಮಾಡಿ, ಆಕಳಿಸಿದರೆ ಜೋರು ಮಾಡಿ.

ಇಲ್ಲೊಂದು ತೊಡಕಿದೆ. ನಿಂತು ಎಸೆದರೆ ನಿಧಾನದ ಚೆಂಡು ನೆಲಕ್ಕೆ ಕಡಿದಾಗಿ ಬಿದ್ದು, ಕಡಿದಾಗಿಯೇ ಮೇಲೇಳುತ್ತದೆ. ವೇಗದ ಬೌಲರ್ ಚೆಂಡು ಹಾಗೆ ಏಳುವುದಿಲ್ಲ, ನೆಲಕ್ಕೆ ಸವರಿಕೊಂಡು ಬರುತ್ತದೆ. ಉಪಾಯ ಸುಲಭ: ಕುಳ್ಳ ಸ್ಟೂಲ್ ಮೇಲೆ ಕೂತು ಅಥವಾ ಮಂಡಿಯೂರಿ ಎಸೆಯಿರಿ. ಕೈ ಕೆಳಗಿಳಿದಷ್ಟೂ ಚೆಂಡು ಮೈದಾನದ ಚೆಂಡಿನ ಹಾಗೆ ಬರುತ್ತದೆ. ಬ್ಯಾಟ್ಸ್‌ಮನ್ ಮುಂದೆ ಎರಡು ಹೆಜ್ಜೆ ದೂರಕ್ಕೆ ಸೀಮೆಸುಣ್ಣದಲ್ಲಿ ಒಂದು ಚೌಕ ಬರೆದುಕೊಳ್ಳಿ. ನಿಮ್ಮ ಗುರಿ ಅಲ್ಲಿಗೆ. ಮೂವತ್ತು ಚೆಂಡಿಗಿಂತ ಜಾಸ್ತಿ ಒಂದೇ ಸಲಕ್ಕೆ ಬೇಡ. ಆಮೇಲೆ ಹುಡುಗ ಚೆಂಡು ನೋಡುವುದು ಬಿಟ್ಟು ನಿಮ್ಮ ಕೈಯ ಲಯಕ್ಕೆ ಬ್ಯಾಟ್ ಬೀಸಲು ಶುರು ಮಾಡುತ್ತಾನೆ.

ಹೀಗೆ ಎಸೆದು ಆಡಿಸುವುದಕ್ಕೆ ಥ್ರೋಡೌನ್ ಎನ್ನುತ್ತಾರೆ. ಭಾರತ ತಂಡಕ್ಕೆ ವರ್ಷಗಳ ಕಾಲ ಈ ಕೆಲಸ ಮಾಡಿದ ರಾಘವೇಂದ್ರ ನಮ್ಮ ಕುಮಟಾದವರು. ಉದ್ದ ಹಿಡಿಯ ಸೌಟಿನಂಥ ಸೈಡ್‌ಆರ್ಮ್‌ನಿಂದ ಅವರು ಬೀಸುವ ಚೆಂಡು ವೇಗದ ಬೌಲರ್‌ಗಳ ಚೆಂಡಿಗೇನೂ ಕಡಿಮೆಯಲ್ಲ. ವೇಗದ ಬೌಲಿಂಗ್ ಎದುರಿಸುವುದರಲ್ಲಿ ತಂಡ ಸುಧಾರಿಸಿದ್ದಕ್ಕೆ ವಿರಾಟ್ ಕೊಹ್ಲಿ ಅವರ ಹೆಸರನ್ನೇ ಹೇಳಿದ್ದಾರೆ. ಆ ಸೈಡ್‌ಆರ್ಮ್ ಈಗ ಅಂಗಡಿಯಲ್ಲೂ ಸಿಗುತ್ತದೆ. ಹಜಾರಕ್ಕೆ ಮಾತ್ರ ತರಬೇಡಿ.

ಎಸೆಯುವವರ ಮುಖದ ಕಡೆಗೂ ಗಮನವಿರಲಿ. ಗಾವಸ್ಕರ್ ಹುಡುಗನಾಗಿದ್ದಾಗ ಮನೆಯಲ್ಲಿ ಅಮ್ಮನೇ ಟೆನ್ನಿಸ್ ಚೆಂಡು ಹಾಕುತ್ತಿದ್ದರು. ಒಂದು ದಿನ ಅವರು ಬಾರಿಸಿದ ಚೆಂಡು ಅಮ್ಮನ ಮೂಗಿಗೇ ಬಿತ್ತು, ರಕ್ತ ಬಂತು. ಆ ತಾಯಿ ಮುಖ ತೊಳೆದುಕೊಂಡು ಬಂದು ಮತ್ತೆ ಬೌಲಿಂಗ್ ಮಾಡಿದರಂತೆ. ಎಲ್ಲ ಅಮ್ಮಂದಿರೂ ಹಾಗೆ ಬರುತ್ತಾರೆ ಎಂದುಕೊಳ್ಳಬೇಡಿ. ಎದುರಿಗೆ ಒಂದು ಕುರ್ಚಿ ಅಡ್ಡ ಇಟ್ಟುಕೊಂಡು, ಅದರ ಪಕ್ಕದಿಂದ ಕೈ ಚಾಚಿ ಎಸೆಯಿರಿ.

ಯಾರೂ ಇಲ್ಲದಾಗ ಗೋಡೆ

ಡಾನ್ ಬ್ರಾಡ್ಮನ್ ಬಾಲ್ಯದಲ್ಲಿ ಆಸ್ಟ್ರೇಲಿಯಾದ ಬೌರಲ್ ಎಂಬ ಊರಿನ ತಮ್ಮ ಮನೆಯ ಹಿತ್ತಲಲ್ಲಿ, ನೀರಿನ ತೊಟ್ಟಿಯ ಕೆಳಗಿದ್ದ ಇಟ್ಟಿಗೆಯ ದುಂಡು ಕಟ್ಟೆಗೆ ಗಾಲ್ಫ್ ಚೆಂಡು ಎಸೆದು, ತಿರುಗಿ ಬಂದದ್ದನ್ನು ಸ್ಟಂಪಿನಲ್ಲಿ ಹೊಡೆಯುತ್ತಿದ್ದರು. ಕಟ್ಟೆ ದುಂಡಗಿದ್ದರಿಂದ ಚೆಂಡು ಯಾವ ಕಡೆಗೆ ಚಿಮ್ಮುತ್ತದೆ ಎಂದು ಹೇಳುವ ಹಾಗಿಲ್ಲ. ಈಗಿನ ನಿಯಮದಲ್ಲಿ ಸ್ಟಂಪಿನ ದಪ್ಪ 3.81 ಸೆಂ.ಮೀ. ಮೀರುವಂತಿಲ್ಲ, ಗಾಲ್ಫ್ ಚೆಂಡು 4.27 ಸೆಂ.ಮೀ.ಗಿಂತ ಸಣ್ಣದಿರುವಂತಿಲ್ಲ. ಅಂದರೆ ಬ್ಯಾಟಿಗಿಂತ ಚೆಂಡೇ ದಪ್ಪ! ಮುಂದೆ ಟೆಸ್ಟ್‌ನಲ್ಲಿ ಅವರ ಸರಾಸರಿ 99.94. ಅದೆಲ್ಲ ಕಟ್ಟೆಯ ಮಹಿಮೆ ಎಂದು ನಾನೇನೂ ಹೇಳುತ್ತಿಲ್ಲ.

ಗಾಲ್ಫ್ ಚೆಂಡು ಮನೆಯೊಳಗೆ ಗುಂಡಿನ ಹಾಗೆ ಹಾರುತ್ತದೆ. ಅದರ ಬದಲು ಸ್ಪಂಜ್ ಬಾಲ್ ಇರಲಿ. ಸ್ಟಂಪ್ ಇಲ್ಲದಿದ್ದರೆ ಪೊರಕೆಯ ಹಿಡಿಯಾದರೂ ಆದೀತು. ಗೋಡೆಯಿಂದ ಮೂರು ಮೀಟರ್ ದೂರ ನಿಂತು, ಎಸೆದು, ಒಂದು ಪಿಚ್ ಬಿದ್ದ ಮೇಲೆ ತಟ್ಟಿ. ಮೊದಲ ದಿನ ಹತ್ತಕ್ಕೆ ಎರಡು ತಾಗಿದರೆ ನೀವು ನಮ್ಮ ಪೈಕಿ.

ವಿಕೆಟ್‌ಕೀಪರ್ ಪಕ್ಕದಲ್ಲಿ ನಿಂತು ಹಿಡಿಯುವ ಸ್ಲಿಪ್ ಕ್ಯಾಚ್‌ಗೂ ಇದೇ ಗೋಡೆ. ಹಿಡಿಯುವವನು ಗೋಡೆಗೆ ಮುಖ ಮಾಡಿ, ಮಂಡಿ ಬಗ್ಗಿಸಿ ನಿಲ್ಲಬೇಕು. ಇನ್ನೊಬ್ಬರು ಅವನ ಬೆನ್ನ ಹಿಂದಿನಿಂದ ಗೋಡೆಗೆ ಚೆಂಡು ಎಸೆಯಬೇಕು. ಚೆಂಡು ಎಲ್ಲಿಂದ ಬಂತೆಂದು ಗೊತ್ತಾಗುವ ಹೊತ್ತಿಗೆ ಅದು ಕೈಯಲ್ಲಿರಬೇಕು. ಬೆರಳು ಬಿಗಿ ಹಿಡಿದರೆ ಚೆಂಡು ಚಿಮ್ಮಿಹೋಗುತ್ತದೆ. ಕೈ ಮೆತ್ತಗಿಟ್ಟು, ಚೆಂಡಿನ ಜೊತೆಗೇ ಹಿಂದಕ್ಕೆ ತರಬೇಕು. ನಮ್ಮ ದ್ರಾವಿಡ್ ಟೆಸ್ಟ್‌ನಲ್ಲಿ ಹಿಡಿದ 210 ಕ್ಯಾಚ್, ವಿಕೆಟ್‌ಕೀಪರ್‌ಗಳನ್ನು ಬಿಟ್ಟರೆ, ಬಹುಕಾಲ ವಿಶ್ವದಾಖಲೆಯಾಗಿತ್ತು, 2025ರಲ್ಲಿ ಜೋ ರೂಟ್ ಅದನ್ನು ದಾಟಿದರು. ದ್ರಾವಿಡ್ ಅವರ ಹಳೆಯ ಕ್ಯಾಚ್‌ಗಳನ್ನು ಯೂಟ್ಯೂಬಲ್ಲಿ ನಿಧಾನ ಮಾಡಿ ಮಗುವಿಗೆ ತೋರಿಸಿ. ಬೆರಳುಗಳನ್ನು ನೋಡು ಎಂದರೆ ಸಾಕು.

ಪಕ್ಕದ ಮನೆಯವರಿಗೂ ಸೇರಿದ ಗೋಡೆ ಮಾತ್ರ ಬೇಡ. ಹೊರಗೋಡೆ ಹುಡುಕಿಕೊಳ್ಳಿ.

ಸಂಜೆಯ ಮ್ಯಾಚು

ಬರೀ ಅಭ್ಯಾಸ ಎಂದರೆ ಮಕ್ಕಳು ನಾಲ್ಕನೇ ದಿನ ಮೊಬೈಲ್ ಹಿಡಿಯುತ್ತಾರೆ. ಕೊನೆಗೊಂದು ಮ್ಯಾಚು ಬೇಕೇ ಬೇಕು. ಇದಕ್ಕೆ ನಾನು ಕದ್ದದ್ದು ಇಂಡೋರ್ ಕ್ರಿಕೆಟ್ಟಿನ ಒಂದು ನಿಯಮ. ಸುತ್ತ ಬಲೆ ಕಟ್ಟಿ, ತಂಡಕ್ಕೆ 8 ಜನರಂತೆ 16 ಓವರ್ ಆಡುವ ಆ ಆಟದಲ್ಲಿ ಔಟಾದವರು ಹೊರಗೆ ಹೋಗುವುದಿಲ್ಲ. 5 ರನ್ ಕಳೆದುಕೊಂಡು ಆಡುತ್ತಲೇ ಇರುತ್ತಾರೆ. ಮನೆಗೆ ಇದು ಹೇಳಿ ಮಾಡಿಸಿದ ಹಾಗಿದೆ. ಯಾರೂ ಅಳುವುದಿಲ್ಲ. ಎಲ್ಲರಿಗೂ ಎರಡೆರಡು ಓವರ್. ಅಜ್ಜಿಗೂ.

ಉಳಿದ ನಿಯಮ ನಿಮ್ಮ ಮನೆಯ ಸಾಮಾನು ನೋಡಿ ಮಾಡಿಕೊಳ್ಳಿ. ನಮ್ಮಲ್ಲಿ ಸೋಫಾದ ಕೆಳಗೆ ಹೋದರೆ 2, ಎದುರು ಗೋಡೆಯ ಬುಡಕ್ಕೆ ತಾಗಿದರೆ 4. ಸಿಕ್ಸರ್ ಇಲ್ಲವೇ ಇಲ್ಲ. ಸೊಂಟಕ್ಕಿಂತ ಮೇಲೆ ಗೋಡೆಗೆ ಬಡಿದರೆ ಔಟ್. ಈ ಒಂದು ನಿಯಮದಿಂದ ಮಗನ ಡ್ರೈವ್ ನೆಲಕ್ಕಿಳಿಯಿತು. ಕೋಚ್ ಆರು ತಿಂಗಳಿಂದ ಅದನ್ನೇ ಹೇಳುತ್ತಿದ್ದರು.

ಕರೆಂಟ್ ಹೋದರೆ ಬುಕ್ ಕ್ರಿಕೆಟ್ ಇದ್ದೇ ಇದೆ. ಪುಸ್ತಕ ಬಿಚ್ಚಿದಾಗ ಎಡಪುಟದ ಕೊನೆಯ ಅಂಕಿಯೇ ರನ್, ಸೊನ್ನೆ ಬಂದರೆ ಔಟ್. 8 ಬಂದರೆ ಒಂದು ರನ್ ಎಂದಿಟ್ಟುಕೊಂಡರೆ ಸರಾಸರಿ ಒಂದು ವಿಕೆಟ್‌ಗೆ 13 ರನ್ ಬರುತ್ತದೆ. ಹತ್ತು ವಿಕೆಟ್‌ಗೆ 130, ಥೇಟ್ ಹಳ್ಳಿ ಟೂರ್ನಮೆಂಟಿನ ಸ್ಕೋರು. ಬೆನ್ನು ಮುರಿದ ಪುಸ್ತಕ ಮಾತ್ರ ಬೇಡ. ಅದು ಪದೇಪದೇ ಒಂದೇ ಪುಟಕ್ಕೆ ತೆರೆದುಕೊಳ್ಳುತ್ತದೆ, ಅಣ್ಣ ಅದೇ ಪುಸ್ತಕದಿಂದ ನನ್ನನ್ನು ಇಡೀ ಮಳೆಗಾಲ ಸೋಲಿಸಿದ್ದ.

ಕೆಳಗಿನ ಮನೆ

ಫ್ಲಾಟಿನವರು ಇದನ್ನು ಓದಲೇಬೇಕು. ನಮಗೆ ಟಪ್ ಎಂದು ಕೇಳಿಸುವ ಚೆಂಡು ಕೆಳಗಿನವರ ತಲೆಯ ಮೇಲೆ ಧಡ್ ಎನ್ನುತ್ತದೆ. ಚೆಂಡು ಪಿಚ್ ಆಗುವ ಜಾಗಕ್ಕೆ ಹಳೇ ಜಮಖಾನ ಮಡಚಿ ಹಾಕಿ, ಮೇಲೆ ಯೋಗ ಮ್ಯಾಟ್ ಹಾಸಿ. ಸದ್ದು ಇಳಿಯುತ್ತದೆ, ಪುಟಿತವೂ ಇಳಿದು ಆಡಲು ಸುಲಭವಾಗುತ್ತದೆ. ಮ್ಯಾಟಿನ ಅಂಚಿಗೆ ಟೇಪ್ ಅಂಟಿಸಿ, ಇಲ್ಲದಿದ್ದರೆ ಕಾಲು ಸಿಕ್ಕಿಕೊಂಡು ಬೀಳುತ್ತಾರೆ. ಬರಿಗಾಲಲ್ಲಿ ಆಡಲಿ. ಕಾಲುಚೀಲ ಹಾಕಿಕೊಂಡು ಟೈಲ್ಸ್ ಮೇಲೆ ಓಡಿದರೆ ಜಾರುವುದು ಖಂಡಿತ. ಫ್ಯಾನ್ ಆರಿಸಿ.

ನಾವು ಸಂಜೆ ಆರರಿಂದ ಏಳು ಎಂದು ಕೆಳಗಿನ ಆಂಟಿಯನ್ನು ಕೇಳಿ ಒಪ್ಪಿಸಿಕೊಂಡಿದ್ದೇವೆ. ಏಳಕ್ಕೆ ಅವರ ಧಾರಾವಾಹಿ ಶುರು. ಕಳೆದ ಶನಿವಾರ ಏಳೂ ಐದಕ್ಕೆ ಬೆಲ್ ಆಯಿತು. ಬೈಯಲು ಬಂದರು ಎಂದುಕೊಂಡು ಮಗ ಬ್ಯಾಟನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಆಂಟಿಯ ಹಿಂದೆ ಅವರ ಮೊಮ್ಮಗ ನಿಂತಿದ್ದ, ಕೈಯಲ್ಲೊಂದು ಸ್ಪಂಜ್ ಬಾಲ್.

"ಇವನೂ ಆಡ್ತಾನಂತೆ. ಒಂದೇ ಓವರ್" ಅಂದರು.