ಅಮೆರಿಕದ ಸುಂಕ, ವೀಸಾ, ನಿರ್ಬಂಧ: ಬೆಂಗಳೂರಲ್ಲಿ ಕೂತು ಸುದ್ದಿ ಓದುವುದು ಹೇಗೆ

ವಾಷಿಂಗ್ಟನ್‌ನಲ್ಲಿ ಸಂಜೆ ಯಾರೋ ಒಂದು ಮಾತಾಡುತ್ತಾರೆ. ಬೆಳಗಾಗುವಷ್ಟರಲ್ಲಿ ಪೀಣ್ಯದ ಗಾರ್ಮೆಂಟ್ಸ್ ಮಾಲೀಕರಿಂದ ಹಿಡಿದು ಎಲೆಕ್ಟ್ರಾನಿಕ್ ಸಿಟಿಯ ಇಂಜಿನಿಯರ್ ತನಕ ಎಲ್ಲರ ಫೋನೂ ಬಿಸಿ. ವಾಟ್ಸ್‌ಆ್ಯಪ್ ಗ್ರೂಪಲ್ಲಿ ಒಬ್ಬರು "ಮುಗೀತು ಕಥೆ" ಅಂತಾರೆ, ಇನ್ನೊಬ್ಬರು "ಏನೂ ಆಗಲ್ಲ ಬಿಡಿ" ಅಂತಾರೆ. ಇಬ್ಬರೂ ಅಮೆರಿಕ ಹೊರಡಿಸಿದ ಆದೇಶ ಓದಿರುವುದಿಲ್ಲ. ನೀವು ಓದಿ. ಶ್ವೇತಭವನದ ವೆಬ್‌ಸೈಟಿನಲ್ಲಿ ಮೊದಲು ಬರುತ್ತದೆ, ಆಮೇಲೆ ಫೆಡರಲ್ ರಿಜಿಸ್ಟರಿನಲ್ಲಿ, ಅಂದರೆ ಅವರ ರಾಜ್ಯಪತ್ರದಲ್ಲಿ. ಎರಡನ್ನೂ ಓದಲು ದುಡ್ಡು ಕೊಡಬೇಕಿಲ್ಲ.

ಮೊದಲು ನೋಡಬೇಕಾದ್ದು ಯಾವ ಕಾನೂನಿನಡಿ ಹೊರಡಿಸಿದ್ದಾರೆ ಅನ್ನುವುದು. 1977ರ ತುರ್ತು ಆರ್ಥಿಕ ಅಧಿಕಾರದ ಕಾನೂನಾದರೆ ಬೇಗ ಬರುತ್ತದೆ, ಬೇಗ ಬದಲಾಗುತ್ತದೆ. 2025ರ ಏಪ್ರಿಲ್ 2ಕ್ಕೆ ಭಾರತದ ಮೇಲೆ ಶೇ 26 ಸುಂಕ ಅಂದರು. ವಾರ ಕಳೆಯಿತು, 90 ದಿನ ತಡೆಹಿಡಿದರು. ಮೇ ತಿಂಗಳಲ್ಲಿ ಅಲ್ಲಿನ ಟ್ರೇಡ್ ಕೋರ್ಟು ಈ ಕಾನೂನಿನಡಿ ಹೀಗೆ ಸುಂಕ ಹಾಕುವ ಹಾಗಿಲ್ಲ ಅಂದಿತು, ಕೇಸು ಸುಪ್ರೀಂ ಕೋರ್ಟ್ ತನಕ ಹೋಯಿತು, 2026ರ ಫೆಬ್ರವರಿಯಲ್ಲಿ ಅಲ್ಲೂ ಅದೇ ತೀರ್ಪು ಬಂತು. ಆದರೆ 1962ರ ಕಾನೂನಿನ ಸೆಕ್ಷನ್ 232 ಅಂತ ಕಂಡರೆ ಲೆಕ್ಕ ಬೇರೆ. ಅದು ದೇಶದ ಭದ್ರತೆಯ ಹೆಸರಲ್ಲಿ, ತನಿಖೆ ಮಾಡಿ ಹಾಕುವಂಥದ್ದು. ಸ್ಟೀಲಿನ ಮೇಲೆ 2018ರಲ್ಲಿ ಶೇ 25 ಹಾಕಿದರು, ಸರ್ಕಾರ ಬದಲಾದರೂ ಅದು ಪೂರ್ತಿ ಹೋಗಲಿಲ್ಲ, 2025ರ ಜೂನ್‌ನಲ್ಲಿ ಶೇ 50 ಆಯಿತು. ನಿಮ್ಮದು ಸ್ಟೀಲ್ ಅಥವಾ ಅಲ್ಯುಮಿನಿಯಂ ಪಾರ್ಟ್ಸ್ ಆದರೆ "ಮುಂದಿನ ತಿಂಗಳು ಇಳಿಯುತ್ತೆ" ಅಂತ ಕಾಯಬೇಡಿ.

ಆಮೇಲೆ ನಿಮ್ಮ ಮಾಲಿನ ಎಚ್‌ಎಸ್ ಕೋಡ್, ಅಂದರೆ ಕಸ್ಟಮ್ಸ್‌ನವರು ಮಾಲನ್ನು ಗುರುತಿಸುವ ಸಂಖ್ಯೆ, ತೆಗೆಯಿರಿ. "ಭಾರತದ ಮೇಲೆ ಶೇ 50" ಅನ್ನುವ ಹೆಡ್‌ಲೈನ್ ಎಲ್ಲರಿಗೂ ಒಂದೇ ಅಲ್ಲ. 2025ರ ಆಗಸ್ಟ್‌ನಲ್ಲಿ ಶೇ 25, ಅದರ ಮೇಲೆ ರಷ್ಯಾದ ತೈಲ ಕೊಳ್ಳುತ್ತೀರಿ ಅಂತ ಇನ್ನೊಂದು ಶೇ 25 ಬಿತ್ತಲ್ಲ, ಆಗಲೂ ಸ್ಮಾರ್ಟ್‌ಫೋನಿಗೆ ವಿನಾಯಿತಿ ಇತ್ತು. ದೇವನಹಳ್ಳಿಯಲ್ಲಿ ಐಫೋನ್ ಮಾಡುವವರಿಗೆ ಆ ಏಟು ತಾಗಲಿಲ್ಲ, ಟೀಶರ್ಟ್ ಹೊಲಿಯುವವರಿಗೆ ಪೂರ್ತಿ ತಾಗಿತು.

ಟೀಶರ್ಟಿನ ಲೆಕ್ಕವನ್ನೇ ಮಾಡೋಣ, ಪೇಪರ್ ಪೆನ್ನು ತಗೊಳ್ಳಿ. ಹತ್ತಿಯ ಟೀಶರ್ಟಿಗೆ ಅಮೆರಿಕದಲ್ಲಿ ಮೊದಲಿಂದಲೂ ಶೇ 16.5 ಸುಂಕ ಇದೆ. 6 ಡಾಲರ್ ಬೆಲೆಗೆ 99 ಸೆಂಟ್. ಅದರ ಮೇಲೆ ಶೇ 50 ಸೇರಿದಾಗ ಒಟ್ಟು 3.99 ಡಾಲರ್. ಅದೇ ಹೊತ್ತಿಗೆ ಬಾಂಗ್ಲಾದೇಶಕ್ಕೂ ವಿಯೆಟ್ನಾಂಗೂ ಹೆಚ್ಚುವರಿ ಇದ್ದದ್ದು ಶೇ 20, ಅಂದರೆ ಒಟ್ಟು 2.19 ಡಾಲರ್. ಒಂದು ಟೀಶರ್ಟಿಗೆ 1.80 ಡಾಲರ್ ವ್ಯತ್ಯಾಸ! ಯಾವ ಫ್ಯಾಕ್ಟರಿಯ ಲಾಭದಲ್ಲೂ ಅಷ್ಟು ಜಾಗ ಇರುವುದಿಲ್ಲ. ಹಾಗಾಗಿ ನಿಮ್ಮ ದರ ಎಷ್ಟು ಅನ್ನುವುದಕ್ಕಿಂತ ಪಕ್ಕದವರದ್ದು ಎಷ್ಟು ಅನ್ನುವುದೇ ಮುಖ್ಯ. ಎಲ್ಲರಿಗೂ ಶೇ 20 ಬಿದ್ದರೆ ಬಯರ್ ಗೊಣಗಿಕೊಂಡಾದರೂ ನಿಮ್ಮ ಹತ್ತಿರವೇ ಕೊಳ್ಳುತ್ತಾನೆ.

ದಿನಾಂಕ ಓದುವಾಗ ಗಂಟೆಯನ್ನೂ ಓದಿ. ಎರಡನೇ ಶೇ 25 ಜಾರಿಗೆ ಬಂದದ್ದು ಆಗಸ್ಟ್ 27ರ ಮಧ್ಯರಾತ್ರಿ 12.01ಕ್ಕೆ, ನಮಗದು ಬೆಳಗ್ಗೆ 9.31. ಅಷ್ಟರೊಳಗೆ ಹಡಗಿಗೆ ಹತ್ತಿ, ಸೆಪ್ಟೆಂಬರ್ 17ರ ಮಧ್ಯರಾತ್ರಿ 12.01ರೊಳಗೆ ಅಲ್ಲಿ ಕಸ್ಟಮ್ಸ್ ದಾಟಿದ ಮಾಲಿಗೆ ಆ ಹೆಚ್ಚುವರಿ ಇರಲಿಲ್ಲ. ವೈಟ್‌ಫೀಲ್ಡ್ ಡಿಪೋದಿಂದ ಕಂಟೇನರ್ ಹೊರಟಿದೆ ಅಂದರೆ ಸಾಲದು, ಬಂದರಿನಲ್ಲಿ ಹಡಗು ಹತ್ತಿರಬೇಕು. ಇಂಥ ಸಾಲುಗಳು ಆದೇಶದ ನಡುವೆ ಎಲ್ಲೋ ಅಡಗಿರುತ್ತವೆ, ಟಿವಿಯಲ್ಲಿ ಯಾರೂ ಓದುವುದಿಲ್ಲ.

ವೀಸಾ ಸುದ್ದಿಗೆ ಇನ್ನೂ ಒಂದು ದಿನ ಜಾಸ್ತಿ ಕಾಯಿರಿ. 2025ರ ಸೆಪ್ಟೆಂಬರ್ 19ರಂದು ಅಲ್ಲಿ ಕೆಲಸ ಮಾಡಲು ಬೇಕಾದ ಎಚ್‌-1ಬಿ ವೀಸಾಗೆ 1 ಲಕ್ಷ ಡಾಲರ್ ಶುಲ್ಕ ಅಂದಾಗ ಅಲ್ಲಿನ ವಾಣಿಜ್ಯ ಸಚಿವರೇ ಅದು ವರ್ಷ ವರ್ಷ ಕಟ್ಟುವುದು ಅಂದರು. ರಜೆಗೆ ಊರಿಗೆ ಬಂದಿದ್ದವರು ಸಿಕ್ಕ ಬೆಲೆಗೆ ಟಿಕೆಟ್ ಮಾಡಿಸಿ ಏರ್‌ಪೋರ್ಟಿಗೆ ಓಡಿದರು. ಮಾರನೇ ದಿನ ಸ್ಪಷ್ಟನೆ ಬಂತು: ಹೊಸ ಅರ್ಜಿಗೆ ಮಾತ್ರ, ಒಂದೇ ಸಲ, ಈಗಾಗಲೇ ವೀಸಾ ಇದ್ದವರಿಗಿಲ್ಲ. ಆದೇಶವೇ ಗೊಂದಲವಾಗಿದ್ದರೆ ವಲಸೆ ಇಲಾಖೆಯ ವಿವರಣೆ ಬರುವ ತನಕ ಟಿಕೆಟ್ ಮುಟ್ಟಬೇಡಿ.

ಇದರ ಹಿಂದಿನ ದಿಕ್ಕು ಗೊತ್ತಾಗಬೇಕಾದರೆ ಭಾರತದ ಹೆಸರು ಹುಡುಕಬೇಡಿ, ಚೀನಾದ ಹೆಸರು ಹುಡುಕಿ. ಆರ್ಥಿಕ ಭದ್ರತೆಯೇ ದೇಶದ ಭದ್ರತೆ ಅಂತ ಅಮೆರಿಕ 2017ರಲ್ಲೇ ತನ್ನ ಭದ್ರತಾ ನೀತಿಯಲ್ಲಿ ಬರೆದುಕೊಂಡಿದೆ. 2022ರ ಅಕ್ಟೋಬರ್‌ನಲ್ಲಿ ಚೀನಾಕ್ಕೆ ಮುಂದುವರಿದ ಚಿಪ್ ಹೋಗದಂತೆ ತಡೆದರು. 2025ರ ಏಪ್ರಿಲ್‌ನಲ್ಲಿ ಅಮೆರಿಕದ ಸುಂಕಕ್ಕೆ ಉತ್ತರವಾಗಿ ಚೀನಾ 7 ಅಪರೂಪದ ಲೋಹಗಳಿಗೆ, ಅವುಗಳ ಮ್ಯಾಗ್ನೆಟ್‌ಗಳಿಗೆ ರಫ್ತು ಲೈಸೆನ್ಸ್ ಬೇಕು ಅಂದಿತು. ಜಗಳ ಅವರಿಬ್ಬರದ್ದು, ಮೋಟರಿಗೆ ಮ್ಯಾಗ್ನೆಟ್ ಹುಡುಕಿಕೊಂಡು ಅಲೆದವರಲ್ಲಿ ನಮ್ಮ ಎಲೆಕ್ಟ್ರಿಕ್ ಸ್ಕೂಟರಿನವರೂ ಇದ್ದರು. ಅದಕ್ಕೇ ಬೀಜಿಂಗ್‌ನ ಆದೇಶಗಳ ಮೇಲೂ ಒಂದು ಕಣ್ಣಿರಲಿ.

ಸ್ನೇಹ ಬೇರೆ, ಸುಂಕ ಬೇರೆ ಅನ್ನುವುದೂ ನೆನಪಿರಲಿ. ಇಸ್ರೋ ಮೇಲೆ 1992ರಲ್ಲಿ ಕ್ರಯೋಜೆನಿಕ್ ರಾಕೆಟ್ ಇಂಜಿನ್ ವಿಷಯಕ್ಕೆ ನಿರ್ಬಂಧ ಹಾಕಿದರು, ಪೋಖ್ರಾನ್ ಆದಮೇಲೆ 1998ರಲ್ಲಿ ಅದರ ಘಟಕಗಳನ್ನು ಕಪ್ಪುಪಟ್ಟಿಗೆ ಸೇರಿಸಿದರು, ಪೂರ್ತಿ ತೆಗೆದದ್ದು 2011ರಲ್ಲಿ. 2023ರಲ್ಲಿ ಇದೇ ಊರಿನ ಎಚ್‌ಎಎಲ್ ಜೊತೆ ಯುದ್ಧವಿಮಾನದ ಇಂಜಿನ್ ಮಾಡುವ ಒಪ್ಪಂದಕ್ಕೆ ಅಮೆರಿಕದ ಕಂಪನಿ ಸಹಿ ಹಾಕಿತು. 2025ರ ಜನವರಿಯಲ್ಲಿ ಬೆಂಗಳೂರಲ್ಲಿ ಕಾನ್ಸುಲೇಟ್ ಉದ್ಘಾಟನೆಯಾಯಿತು, ಅದೇ ವರ್ಷ ಶೇ 50 ಬಿತ್ತು. ಫೋಟೋದಲ್ಲಿ ಕೈ ಕುಲುಕಿದ್ದು ನೋಡಿ ಆರ್ಡರ್ ಲೆಕ್ಕ ಹಾಕಿದರೆ ಕೆಟ್ಟಿರಿ.

ಇನ್ನು ಇವತ್ತೇ ಮಾಡಬಹುದಾದ ಕೆಲಸ: ಹಳೇ ಕಾಂಟ್ರಾಕ್ಟ್ ತೆಗೆದು ನೋಡಿ. ಎಫ್‌ಒಬಿ (ಮಾಲು ಹಡಗು ಹತ್ತಿಸುವ ತನಕ ಮಾತ್ರ ನಿಮ್ಮ ಜವಾಬ್ದಾರಿ) ಅಂತಿದ್ದರೆ ಸುಂಕ ಕಟ್ಟುವವನು ಅಲ್ಲಿನ ಇಂಪೋರ್ಟರ್, ಅವನು ನಿಮ್ಮ ಹತ್ತಿರ ಡಿಸ್ಕೌಂಟ್ ಕೇಳಬಹುದು, ಕೊಡುವುದು ಬಿಡುವುದು ನಿಮ್ಮಿಷ್ಟ. ಡಿಡಿಪಿ (ಸುಂಕವನ್ನೂ ಕಟ್ಟಿ ಬಯರ್‌ಗೆ ತಲುಪಿಸುವುದು) ಅಂತಿದ್ದರೆ ಪೂರ್ತಿ ನಿಮ್ಮ ತಲೆ ಮೇಲೆ. ಅಂಥ ಆರ್ಡರಿಗೆ ಮುಂದಿನ ಸಲ ಸಹಿ ಹಾಕುವ ಮೊದಲು, ಸುಂಕ ಬದಲಾದರೆ ಬೆಲೆಯೂ ಬದಲಾಗುತ್ತದೆ ಅನ್ನುವ ಒಂದು ಸಾಲು ಸೇರಿಸಿ. ಬಯರ್ ಒಪ್ಪದಿದ್ದರೆ ಎಫ್‌ಒಬಿಗೆ ಬನ್ನಿ ಅನ್ನಿ.