ಬಿರುಗಾಳಿಯಲ್ಲಿ ಎಂಜಿನ್ ರೂಮಿನ ವಾಚ್

ಯುದ್ಧನೌಕೆಯ ಬಿರುಗಾಳಿ ಕಥೆಗಳಲ್ಲಿ ಹೆಚ್ಚಿನವು ಬ್ರಿಡ್ಜ್‌ನಲ್ಲಿ, ಅಂದರೆ ಹಡಗು ನಡೆಸುವ ಮೇಲಿನ ಕೋಣೆಯಲ್ಲಿ, ನಿಂತು ಕಂಡವು. ನಾನು ನೌಕಾಪಡೆಯಲ್ಲಿದ್ದಷ್ಟು ಕಾಲ ಕೆಳಗೇ ಇದ್ದೆ, ಉಗಿಯಿಂದ ಓಡುವ ಹಡಗಿನ ಬಾಯ್ಲರ್ ರೂಮು ಮತ್ತು ಎಂಜಿನ್ ರೂಮಿನಲ್ಲಿ. ಅಲ್ಲಿ ಒಂದು ಅಲೆಯೂ ಕಣ್ಣಿಗೆ ಬೀಳುವುದಿಲ್ಲ. ಕಾಲಡಿಯ ಕಬ್ಬಿಣದ ನೆಲ, ಗೇಜಿನ ಮುಳ್ಳು, ಯಂತ್ರದ ಸದ್ದು, ಇವುಗಳಿಂದಲೇ ಸಮುದ್ರ ಹೇಗಿದೆ ಅಂತ ತಿಳಿಯಬೇಕು. ಆ ಕೆಲಸದ ಬಗ್ಗೆ ಮಾತಾಡುವವರು ಕಡಿಮೆ. ಅದಕ್ಕೇ ಬರೆಯುತ್ತಿದ್ದೇನೆ.

ಸಮುದ್ರ ಕೆರಳಿದಾಗ ಹಡಗಿನ ಮೂತಿಯನ್ನು ಅಲೆಗೆ ಸ್ವಲ್ಪ ಓರೆಯಾಗಿ ಹಿಡಿದು, ವೇಗ ಇಳಿಸಿ ನಿಭಾಯಿಸುತ್ತಾರೆ. ಚುಕ್ಕಾಣಿ ಮಾತು ಕೇಳಬೇಕಾದರೆ ಅಷ್ಟಾದರೂ ವೇಗ ಬೇಕು. ಎಂಜಿನ್ ನಿಂತರೆ ಹಡಗು ತಿರುಗಿ ಅಲೆಗೆ ಪಕ್ಕ ಒಡ್ಡಿಬಿಡುತ್ತದೆ. ಆಮೇಲಿನ ಹೊರಳಾಟ ಭಯಾನಕ. 1944ರ ಡಿಸೆಂಬರಿನಲ್ಲಿ ಪೆಸಿಫಿಕ್ ಸಾಗರದಲ್ಲಿ ಅಡ್ಮಿರಲ್ ಹಾಲ್ಸಿಯ ಅಮೆರಿಕನ್ ನೌಕಾಬಲ ಟೈಫೂನಿಗೆ ಸಿಕ್ಕಿತು. ಹಲ್, ಸ್ಪೆನ್ಸ್, ಮೊನಾಘನ್ ಎಂಬ ಮೂರು ಡಿಸ್ಟ್ರಾಯರ್‌ಗಳು (ವೇಗದ ಯುದ್ಧನೌಕೆಗಳು) ಮುಳುಗಿದವು. ಒಟ್ಟು ಸುಮಾರು 790 ಜನ ಸತ್ತರು. ಸ್ಪೆನ್ಸ್‌ನಲ್ಲಿ ಇಂಧನ ತೀರಾ ಕಡಿಮೆ ಇತ್ತು. ಒಳಗೆ ನುಗ್ಗಿದ ನೀರು ವಿದ್ಯುತ್ ಬೋರ್ಡುಗಳಿಗೆ ತಗುಲಿ ಕರೆಂಟ್ ಹೋಯಿತು. ಇಂಧನ ಖಾಲಿಯಾದ ಟ್ಯಾಂಕಿಗೆ ಸಮುದ್ರದ ನೀರನ್ನೇ ತುಂಬಿಸಿ ತಳ ಭಾರ ಮಾಡುವ ಪದ್ಧತಿ ಆಗಲೂ ಇತ್ತು. ಅರ್ಧ ತುಂಬಿದ ಟ್ಯಾಂಕೂ ಅಪಾಯವೇ. ಹಡಗು ವಾಲಿದ ಕಡೆಗೇ ಒಳಗಿನ ಎಣ್ಣೆಯೂ ಓಡಿ, ಅದನ್ನು ಇನ್ನಷ್ಟು ವಾಲಿಸುತ್ತದೆ. ಹಾಗಾಗಿ ಹವಾಮಾನದ ಎಚ್ಚರಿಕೆ ಬಂದ ಕೂಡಲೇ ನಮ್ಮ ಮೊದಲ ಕೆಲಸ ಟ್ಯಾಂಕುಗಳದ್ದು. ಒಂದೋ ಪೂರ್ತಿ ತುಂಬಿರಬೇಕು, ಇಲ್ಲ ಪೂರ್ತಿ ಖಾಲಿ ಇರಬೇಕು. ಆಮೇಲೆ ಸ್ಪ್ಯಾನರ್, ಎಣ್ಣೆ ಡ್ರಮ್ಮು, ಏಣಿ, ಎಲ್ಲವನ್ನೂ ಕಟ್ಟುವುದು.

ವಾಚ್‌ನಲ್ಲಿ, ಅಂದರೆ ನನ್ನ ಪಾಳಿಯಲ್ಲಿ, ನನ್ನ ಕಣ್ಣು ಜಾಸ್ತಿ ಇರುತ್ತಿದ್ದದ್ದು ಬಾಯ್ಲರಿನೊಳಗಿನ ನೀರಿನ ಮಟ್ಟ ತೋರಿಸುವ ಗಾಜಿನ, ಗೇಜ್ ಗ್ಲಾಸಿನ ಮೇಲೆ. ಶಾಂತ ಸಮುದ್ರದಲ್ಲಿ ನೀರಿನ ಮಟ್ಟ ಒಂದೇ ಕಡೆ ನಿಂತಿರುತ್ತದೆ. ಹಡಗು ಹೊರಳುವಾಗ ಅದು ಗ್ಲಾಸಿನಲ್ಲಿ ಮೇಲಿನ ತುದಿಗೆ ಹೋಗಿ ಕೆಳಗಿನ ತುದಿಗೆ ಬರುತ್ತದೆ. ಯಾವುದು ನಿಜವಾದ ಮಟ್ಟ? ನೀರು ಕಡಿಮೆಯಾದರೆ ಬಾಯ್ಲರಿನ ಕೊಳವೆಗಳು ಸುಟ್ಟುಹೋಗುತ್ತವೆ. ಜಾಸ್ತಿಯಾದರೆ ಉಗಿಯ ಜೊತೆ ನೀರೂ ಹೋಗಿ ಟರ್ಬೈನಿನ ಅಲಗುಗಳಿಗೆ ಬಡಿಯುತ್ತದೆ. ನಾನು ಹೊರಳಾಟದ ಲಯ ಹಿಡಿದು, ನೀರು ಮೇಲೇರಿದ್ದು ಎಷ್ಟು, ಇಳಿದದ್ದು ಎಷ್ಟು ಅಂತ ಹಲವು ಸಲ ನೋಡಿ, ಮಧ್ಯದ ಜಾಗವನ್ನು ಮನಸ್ಸಿನಲ್ಲಿ ಗುರುತು ಮಾಡಿಕೊಳ್ಳುತ್ತಿದ್ದೆ. ಒಂದು ಹೊರಳಾಟ ನೋಡಿ ವಾಲ್ವಿಗೆ ಕೈ ಹಾಕಬಾರದು. ಹೊಸ ಹುಡುಗರಿಗೆ ನಾನು ಮೊದಲು ಹೇಳುತ್ತಿದ್ದ ಮಾತು ಇದೇ.

ಎಂಜಿನ್ನಿಗೆ ಹೋಗುವ ಉಗಿ ಹೆಚ್ಚು ಕಡಿಮೆ ಮಾಡುವ ವಾಲ್ವು, ಅಂದರೆ ಥ್ರಾಟಲ್ ಹಿಡಿದವನ ಕೆಲಸ ಇನ್ನೊಂದು ಬಗೆಯದು. ಮೂತಿ ಅಲೆಯೊಳಗೆ ಧುಮುಕಿದಾಗ ಹಿಂಭಾಗ ಮೇಲೇಳುತ್ತದೆ, ಪ್ರೊಪೆಲ್ಲರ್ ನೀರಿನಿಂದ ಹೊರಗೆ ಬರುತ್ತದೆ. ತಡೆಯುವ ನೀರಿಲ್ಲದೆ ಅದು ಒಮ್ಮೆಲೇ ಜೋರಾಗಿ ತಿರುಗುತ್ತದೆ, ಇಡೀ ಹಡಗು ನಡುಗುತ್ತದೆ. ಕಾಲಡಿಯ ನೆಲ ಹಿಂಭಾಗದ ಕಡೆ ಏಳುತ್ತಿದೆ ಅಂತ ಗೊತ್ತಾದ ತಕ್ಷಣ ಉಗಿ ಕಡಿಮೆ ಮಾಡಬೇಕು. ಇಳಿಯುವಾಗ ಮತ್ತೆ ಕೊಡಬೇಕು. ನಾಲ್ಕು ಗಂಟೆಯ ವಾಚ್ ಪೂರ್ತಿ ಇದೇ. ಒಳ್ಳೆಯ ಥ್ರಾಟಲ್‌ಮನ್ ಮೀಟರ್ ನೋಡುವ ಮೊದಲೇ ಕೈ ಆಡಿಸಿರುತ್ತಾನೆ. ಅಂಥವರನ್ನು ನಾನು ತುಂಬಾ ಗೌರವದಿಂದ ನೆನೆಯುತ್ತೇನೆ.

ಇವೆರಡರ ನಡುವೆ ಸಣ್ಣ ಸಣ್ಣ ಕಾಟಗಳು. ತಂಪು ಮಾಡಲು ಸಮುದ್ರದ ನೀರು ಎಳೆಯುವ ಮೇಲಿನ ಬಾಯಿ ಹೊರಳಾಟದಲ್ಲಿ ಗಾಳಿ ಹೀರಿಬಿಡುತ್ತದೆ. ಆದ್ದರಿಂದ ಮೊದಲೇ ಕೆಳಗಿನದಕ್ಕೆ ಬದಲಾಯಿಸಿಕೊಳ್ಳಬೇಕು. ಇಂಧನದ ಟ್ಯಾಂಕಿನ ತಳದಲ್ಲಿ ಸುಮ್ನೆ ಕೂತಿದ್ದ ಕೊಳೆ ಕದಡಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಎಲ್ಲೋ ಮರೆತ ಒಂದು ಚಿಂದಿ ಬಟ್ಟೆ ಹಡಗಿನ ತಳದ ನೀರು ಹೊರಹಾಕುವ ಬಿಲ್ಜ್ ಪಂಪಿನ ಬಾಯಿ ಮುಚ್ಚಿದರೆ ಸಾಕು, ಕೆಳಗೆ ನೀರು ನಿಲ್ಲಲು ಶುರು. ಬಿರುಗಾಳಿಯಲ್ಲಿ ನಮ್ಮನ್ನು ಕಾಪಾಡಿದ್ದು ಧೈರ್ಯಕ್ಕಿಂತ ಹೆಚ್ಚಾಗಿ ಬಂದರಿನಲ್ಲೇ ಮಾಡಿಟ್ಟ ಇಂಥ ಸ್ವಚ್ಛತೆ ಅಂತ ನಾನು ಖಂಡಿತ ಹೇಳುತ್ತೇನೆ.

ಹೊಟ್ಟೆ ತೊಳಸುವುದು ಎಲ್ಲರಿಗೂ ಇದ್ದದ್ದೇ. ಒಳಕಿವಿ ಅಲುಗಾಟ ಹೇಳುತ್ತದೆ, ಕಣ್ಣಿಗೆ ಎದುರಿನ ಗೋಡೆ ಅಲ್ಲಾಡಿದ ಹಾಗೆ ಕಾಣುವುದಿಲ್ಲ. ಆ ಜಗಳದಿಂದಲೇ ವಾಂತಿ. ಮೇಲಿನವರು ದಿಗಂತ ನೋಡಿ ಸುಧಾರಿಸಿಕೊಳ್ಳಬಹುದು, ನಮಗೆ ಅದಿಲ್ಲ. ಆದರೆ ಹಡಗಿನ ನಡುವೆ, ತಳದಲ್ಲಿ ಅಲುಗಾಟ ಮೂತಿಯ ಹತ್ತಿರಕ್ಕಿಂತ ಕಡಿಮೆ. ಬಿಸಿ ಎಣ್ಣೆಯ ವಾಸನೆ ಮಾತ್ರ ಹೊಟ್ಟೆಗೆ ಆಗುತ್ತಿರಲಿಲ್ಲ. ಬ್ರಿಟಿಷ್ ಅಡ್ಮಿರಲ್ ನೆಲ್ಸನ್ನನಿಗೇ ಕೊನೆವರೆಗೂ ಈ ಕಾಯಿಲೆ ಬಿಟ್ಟಿರಲಿಲ್ಲ, ಅಲ್ವಾ? ಹಾಗಾಗಿ ಬಕೆಟ್ ಪಕ್ಕದಲ್ಲಿಟ್ಟುಕೊಂಡು ವಾಚ್ ಮುಗಿಸಿದ ಹುಡುಗನನ್ನು ನಾವು ಯಾರೂ ಹೀಯಾಳಿಸುತ್ತಿರಲಿಲ್ಲ. ಖಾಲಿ ಹೊಟ್ಟೆಯಲ್ಲಿರಬೇಡ ಅನ್ನುತ್ತಿದ್ದೆವು, ಒಣ ಬಿಸ್ಕತ್ತು ಕೊಡುತ್ತಿದ್ದೆವು.

ವಾಚ್ ಮುಗಿದ ಮೇಲೆ ನಿದ್ದೆ. ಹಾಸಿಗೆಯ ಹೊರಗಿನ ಅಂಚಿನ ಕೆಳಗೆ ಲೈಫ್ ಜಾಕೆಟ್ ತುರುಕಿದರೆ ಮೈ ಗೋಡೆಗೆ ಒತ್ತಿಕೊಳ್ಳುತ್ತದೆ, ಉರುಳಿ ಬೀಳುವುದಿಲ್ಲ. ಊಟದ ಮೇಜಿಗೆ ಒದ್ದೆ ಬಟ್ಟೆ ಹಾಸಿದರೆ ತಟ್ಟೆ ಜಾರುವುದಿಲ್ಲ. ಹಿರಿಯರು ಕಲಿಸಿದ್ದು, ನಾನೂ ಕಲಿಸಿದೆ.

ಗಾಳಿ ಇಳಿದರೂ ದೊಡ್ಡ ಅಲೆಗಳು ತಕ್ಷಣ ಇಳಿಯುವುದಿಲ್ಲ. ಆ ಹೊತ್ತಿನಲ್ಲೇ ನಾವು ಫಿಲ್ಟರ್ ಬಿಚ್ಚಿ ತೊಳೆಯುತ್ತಿದ್ದೆವು, ಯಂತ್ರದ ಬುಡದ ಬೋಲ್ಟುಗಳನ್ನು ಒಂದೊಂದಾಗಿ ಸುತ್ತಿಗೆಯಿಂದ ತಟ್ಟಿ ಸಡಿಲವಾಗಿವೆಯೇ ನೋಡುತ್ತಿದ್ದೆವು, ಬಾಯ್ಲರಿನ ನೀರಿನಲ್ಲಿ ಉಪ್ಪು ಸೇರಿದೆಯೇ ಅಂತ ಪರೀಕ್ಷೆ ಮಾಡುತ್ತಿದ್ದೆವು. ಅದೆಲ್ಲ ಮುಗಿದ ಮೇಲೆಯೇ ಎಂಜಿನ್ ರೂಮಿನಿಂದ ಬ್ರಿಡ್ಜ್‌ಗೆ, ಪೂರ್ತಿ ವೇಗಕ್ಕೆ ಸಿದ್ಧ ಅಂತ ಫೋನ್ ಹೋಗುತ್ತಿತ್ತು.