ಹೊರಹರಿವು ನೋಡಿ ಬೀದಿ ಹೇಳುವ ನಕ್ಷೆ: ನಂಜನಗೂಡಿನಲ್ಲಿ ನನ್ನ ಅನುಭವ

ಡ್ಯಾಮ್‌ನಿಂದ ಬಿಡುವ ನೀರಿನ ಅಂಕಿ, ಅಂದರೆ ಹೊರಹರಿವು, ನೋಡಿ ಪ್ರವಾಹ ಯಾವ ಬೀದಿಗೆ ಬರುತ್ತೆ ಅಂತ ಹೇಳುವ ನಕ್ಷೆ ಮಾಡ್ತೀನಿ ಅಂದಾಗ, "ಮಂಟಪ ಮುಳುಗಿದರೆ ನಮಗೇ ಗೊತ್ತಾಗುತ್ತೆ, ಅದಕ್ಕೊಂದು ನಕ್ಷೆ ಯಾಕೆ?" ಅಂದವರೇ ಜಾಸ್ತಿ. ಕಪಿಲೆ (ಕಬಿನಿ ನದಿ) ಉಕ್ಕಿದಾಗ ದಡದ ಹದಿನಾರು ಕಾಲು ಮಂಟಪ ನೋಡಿ ಅಂದಾಜು ಮಾಡುವುದು ನಂಜನಗೂಡಿನ ಹಳೇ ರೂಢಿ. ಆದರೆ ಟ್ರ್ಯಾಕ್ಟರ್ ತೋಪಿನ ಬೀದಿಗೆ ಹೋಗಬೇಕಾ, ತೆಪ್ಪ ಹಳ್ಳದಕೇರಿಗೆ ಹೋಗಬೇಕಾ ಅನ್ನೋದನ್ನು ಮಂಟಪ ಹೇಳಲ್ಲ. 2019ರ ಆಗಸ್ಟ್‌ನಲ್ಲಿ ಮಲ್ಲನಮೂಲೆ ಮಠದ ಹತ್ತಿರ ಮೈಸೂರು ರಸ್ತೆಗೇ ನೀರು ಬಂತು. ಆಗ ಜನರನ್ನು ಸಾಗಿಸುವ ಎರಡು ತಂಡ ಒಂದೇ ಬೀದಿಗೆ ನುಗ್ಗಿ, ಪಕ್ಕದ ಬೀದಿಗೆ ಯಾರೂ ಹೋಗಿರಲಿಲ್ಲ.

ಮೊದಲು ಕ್ಯೂಜಿಐಎಸ್ ಅನ್ನೋ ನಕ್ಷೆ ಸಾಫ್ಟ್‌ವೇರ್‌ನಲ್ಲಿ ಉಪಗ್ರಹದ ಎತ್ತರದ ಡೇಟಾ ಹಾಕಿ ನೀರು ಏರಿಸಿ ನೋಡಿದೆ. ಉಪಯೋಗವಾಗಲಿಲ್ಲ. ಪುಕ್ಕಟೆ ಸಿಗುವ ಡೇಟಾದಲ್ಲಿ 30 ಮೀಟರ್‌ಗೆ ಒಂದು ಚೌಕ, ಎತ್ತರದಲ್ಲೇ ಕೆಲವು ಮೀಟರ್ ಹೆಚ್ಚುಕಮ್ಮಿ. ನಮಗೆ ಬೇಕಿದ್ದದ್ದು ಅಡಿ ಲೆಕ್ಕ. ಆಮೇಲೆ ಯಾವ ತಂಡ ಎಲ್ಲಿದೆ ಅಂತ ನಕ್ಷೆಯಲ್ಲಿ ಚುಕ್ಕೆಯಾಗಿ ತೋರಿಸುವ ಲೈವ್ ಟ್ರ್ಯಾಕಿಂಗ್‌ಗೆ ಅಂತ ಒಂದು ಕಂಪನಿಗೆ ಸುಮಾರು ಇಪ್ಪತ್ತು ಸಾವಿರ ಕಟ್ಟಿದೆವು. ಕರೆಂಟ್ ಹೋಯಿತು, ಟವರ್ ಹೋಯಿತು, ಚುಕ್ಕೆಗಳು ನಿಂತಲ್ಲೇ ನಿಂತವು. ದುಡ್ಡು ವಾಪಸ್ ಬರಲಿಲ್ಲ.

ಕೆಲಸಕ್ಕೆ ಬಂದದ್ದು ಗೋಡೆ ಗುರುತು. ಒಬ್ಬರು ಅಜ್ಜಿ ಸ್ವಿಚ್ ಬೋರ್ಡ್ ಕೆಳಗೆ ಸುಣ್ಣ ಎದ್ದುಹೋದ ಕಂದು ಗೆರೆ ತೋರಿಸಿ, "ನೋಡಪ್ಪ, ಇಲ್ಲಿಗಂಟ ಬಂದಿತ್ತು" ಅಂದರು. ಟೇಪ್ ಹಿಡಿದು ಅಳೆದೆ, ಪಿನ್ ಹಾಕಿದೆ, ಯಾವ ವರ್ಷ ಅಂತ ಬರೆದುಕೊಂಡೆ. ಹೀಗೆ ಬೀದಿ ಬೀದಿ ಸುತ್ತಿ, ಆ ದಿನಗಳ ಹೊರಹರಿವಿನ ಅಂಕಿ ಪಕ್ಕಕ್ಕಿಟ್ಟರೆ ಎಷ್ಟು ಕ್ಯೂಸೆಕ್‌ಗೆ ಯಾವ ಬೀದಿ ಅನ್ನೋದು ತಾನಾಗೇ ಕಾಣುತ್ತೆ. ಆದರೂ ಕೆಲವು ಕಡೆ ತಾಳೆ ಆಗುತ್ತಿರಲಿಲ್ಲ. ಕಾರಣ ನುಗು. ನುಗು ನದಿಗೂ ಒಂದು ಡ್ಯಾಮ್ ಇದೆ, ಅದು ನಂಜನಗೂಡಿಗಿಂತ ಮೇಲೆಯೇ ಕಬಿನಿಗೆ ಸೇರುತ್ತೆ, ಬರೀ ಬೀಚನಹಳ್ಳಿಯ ಕಬಿನಿ ಡ್ಯಾಮ್ ಅಂಕಿ ನೋಡಿದರೆ ಸಾಲದು. ಎರಡೂ ಡ್ಯಾಮ್ ನೀರು ಎಷ್ಟು ಗಂಟೆ ಅಂತರದಲ್ಲಿ ಕೂಡಿಸಬೇಕು ಅನ್ನೋದೇ ಇದರ ಕೀಲಿ, ಅದನ್ನು ಸದ್ಯಕ್ಕೆ ನಮ್ಮಲ್ಲೇ ಇಟ್ಟುಕೊಂಡಿದ್ದೇನೆ.

ಈಗ ಪ್ರತಿ ತಂಡದ ಫೋನ್‌ನಲ್ಲಿ ಪುಕ್ಕಟೆ ಸಿಗುವ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಆಫ್‌ಲೈನ್ ನಕ್ಷೆ ಇದೆ, ಜೊತೆಗೆ ಲ್ಯಾಮಿನೇಟ್ ಮಾಡಿಸಿದ ಎ3 ಹಾಳೆ. ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ನಡೆಯುತ್ತೆ, ಅದು ನಿಮಗೆ ಗೊತ್ತೇ ಇದೆ. ನಕ್ಷೆಯಲ್ಲಿ ಹಳದಿ ಬಣ್ಣದ ಬೀದಿಯವರನ್ನು ಮೊದಲು ಸಾಗಿಸಬೇಕು, ಕಿತ್ತಳೆ ಬೀದಿಯವರನ್ನು ಆಮೇಲೆ, ಕೆಂಪು ಬೀದಿಗೆ ತೆಪ್ಪ ಬಿಟ್ಟು ಬೇರೇನೂ ಹೋಗಬಾರದು. ಪವರ್ ಬ್ಯಾಂಕ್ ಸೇರಿ ಒಟ್ಟು ಏಳೆಂಟು ಸಾವಿರ ಆಗಿರಬೇಕು.

ಮಧ್ಯೆ ಡ್ರೋನ್ ಬಾಡಿಗೆಗೆ ತಂದೂ ನೋಡಿದೆವು. ಗಾಳಿ ಮಳೆಯಲ್ಲಿ ಹಾರಿಸೋಕಾಗಲ್ಲ. ಬೇಸಿಗೆಯಲ್ಲಿ ತಾರಸಿ ಮನೆಗಳನ್ನು ಗುರುತಿಸೋಕೆ ಮಾತ್ರ ಚೆನ್ನಾಗಿ ಬಂತು. ಇನ್ನೊಂದು, ವಾಟ್ಸಾಪ್‌ನಲ್ಲಿ ಫೋಟೊವನ್ನು ಸುಮ್ನೆ ಕಳಿಸಿದರೆ ಜಾಗದ ಮಾಹಿತಿ ಅಳಿಸಿಹೋಗುತ್ತೆ. ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಮಾಡಿ ತೆಗೆದು, ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತೆ. ನೆಟ್ ಇರುವಷ್ಟು ಹೊತ್ತು ಇದಕ್ಕಿಂತ ಸಲೀಸಾದ ದಾರಿ ಇಲ್ಲ.

2024ರ ಜುಲೈನಲ್ಲಿ ಕಬಿನಿಯಿಂದ ನೀರು ಜಾಸ್ತಿ ಬಿಟ್ಟಾಗ ಹಳದಿ ಬೀದಿಗಳ ವಯಸ್ಸಾದವರನ್ನು ನೀರು ಹೊಸ್ತಿಲಿಗೆ ಬರುವ ಮುಂಚೆಯೇ ಸಾಗಿಸಿದೆವು. ಒಂದೇ ಬೀದಿಗೆ ಎರಡು ತಂಡ ಹೋಗಲಿಲ್ಲ. ಮಂಟಪದ ಮಾತಾಡಿದ್ದವರೇ ಬಂದು ಹಾಳೆ ಕೇಳಿದರು, ಖುಷಿಯಾಗಿ ಕೊಟ್ಟೆ. ಮುಂದಿನ ಮುಂಗಾರಿಗೆ ಮೊದಲು ಸುತ್ತೂರು ಕಡೆಯ ಗೋಡೆಗಳನ್ನೂ ಅಳೆಯಬೇಕು. ಆ ಕಡೆಯವರು ಯಾರಾದರೂ ಟೇಪ್ ಹಿಡಿಯೋಕೆ ಬರುವುದಾದರೆ ಹೇಳಿ.